ಹಳೆ ಕಾರಿಗೊಂದು ಡಿಸಿ ಕ್ಲಾಂಪ್ ಮೀಟರ್: ಆರು ವರ್ಷ ಬಳಸಿದ ಮೇಲೆ

ಈ ಮೀಟರ್ ಮನೆಗೆ ಬರುವ ಹೊತ್ತಿಗೆ ನನ್ನ ಕಾರಿನಲ್ಲಿ ಮೂರನೇ ಬ್ಯಾಟರಿ ಕೂತಿತ್ತು, ಅದೂ ಎರಡೇ ವರ್ಷದೊಳಗೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ 'ಟಕ್' ಅನ್ನುತ್ತಿತ್ತು, ಅಷ್ಟೆ. ಬ್ಯಾಟರಿ ಹೋಗಿದೆ ಅಂದರು, ಬದಲಾಯಿಸಿದೆ. ಡೈನಮೋ (ಆಲ್ಟರ್ನೇಟರ್) ವೀಕ್ ಅಂದರು, ಬಿಚ್ಚಿಸಿ ಹೊಸ ಬ್ರಷ್ ಹಾಕಿಸಿದೆ. ಟಕ್ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಇನ್ನು ಯಾರ ಮಾತನ್ನೂ ಕೇಳುವುದಿಲ್ಲ ಎಂಬ ಸಿಟ್ಟಿನಲ್ಲಿ ಕೊಂಡದ್ದು ಇದು: ತಂತಿಯ ಸುತ್ತ ದವಡೆ ಹಾಕಿ ಕರೆಂಟನ್ನೂ, ಪ್ರೋಬ್ ಎಂಬ ಚೂಪು ತುದಿಯ ಎರಡು ತಂತಿಗಳಿಂದ ವೋಲ್ಟ್, ಓಮ್‌ಗಳನ್ನೂ ಅಳೆಯುವ ಮೀಟರ್.

ಕೊಳ್ಳುವವರಿಗೆ ಮೊದಲೇ ಒಂದು ಮಾತು. ನೋಡಲು ಒಂದೇ ಥರ ಇರುವ ಕ್ಲಾಂಪ್ ಮೀಟರ್‌ಗಳಲ್ಲಿ ಹಲವು ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ. ಅವುಗಳ ದವಡೆಯಲ್ಲಿರುವುದು ಬರೀ ತಂತಿಯ ಸುರುಳಿ, ಬ್ಯಾಟರಿಯ ಡಿಸಿ ಅದಕ್ಕೆ ಕಾಣುವುದೇ ಇಲ್ಲ. ಡಿಸಿಯನ್ನೂ ಗುರುತಿಸುವ ಹಾಲ್ ಸೆನ್ಸರ್ ಇರುವುದನ್ನೇ ಕೇಳಿ ತಗೊಳ್ಳಿ.

ಮೊದಲ ದಿನ ಅದು ಕೊಟ್ಟ ಉತ್ತರ ನೋಡಿ ತಲೆ ಕೆಟ್ಟಿತು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. ತಳ್ಳಿ ಸ್ಟಾರ್ಟ್ ಮಾಡಿ ನೋಡಿದರೆ 14.2. 13.8ರಿಂದ 14.5ರ ಒಳಗಿದ್ದರೆ ಡೈನಮೋ ಸರಿ ಇದೆ ಎಂದು ಲೆಕ್ಕ. ಎಂಜಿನ್ನನ್ನು ಕಾರಿನ ಲೋಹದ ಮೈಗೆ ಸೇರಿಸುವ ಅರ್ಥಿಂಗ್ ತಂತಿಯನ್ನು ಓಮ್‌ನಲ್ಲಿ ಅಳೆದೆ: 0.2. ಎರಡೂ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದರೂ 0.2. ಅಂದರೆ ಆ 0.2 ಪ್ರೋಬ್‌ಗಳದ್ದೇ, ಹಾಗಾದರೆ ತಂತಿಯೂ ಸರಿ. ಎಲ್ಲವೂ ಸರಿ, ಕಾರು ಮಾತ್ರ ಏಳುವುದಿಲ್ಲ.

ನಾನು ಎಡವಿದ್ದು ಅಲ್ಲೇ. ಸೆಲ್ಫ್ ಎಳೆಯುವುದು 150 ಆಂಪಿಯರ್ ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಬರೀ 0.024 ಓಮ್ ತಡೆ ಇದ್ದರೂ 3.6 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 0.1ಕ್ಕಿಂತ ಸಣ್ಣದನ್ನು ತೋರಿಸಲಾಗದ ಓಮ್ ರೇಂಜಿಗೆ ಅದು ಹೇಗೆ ಗೊತ್ತಾಗಬೇಕು? ಮರುದಿನ ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿಗೂ ಕಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಒತ್ತಿ ಹಿಡಿದೆ. ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಗೇರ್ ನ್ಯೂಟ್ರಲ್‌ನಲ್ಲಿದೆ ತಾನೇ ಎಂದು ಎರಡು ಸಲ ಕೇಳಿ, 'ಈಗ ಹೊಡಿ' ಅಂದೆ. ಟಕ್. ಮೀಟರ್‌ನಲ್ಲಿ 3.6. ಅರ್ಧ ವೋಲ್ಟ್ ದಾಟಬಾರದ ಜಾಗ ಅದು.

ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಆ ಅರ್ಥಿಂಗ್ ತಂತಿ, ಹೆಣೆದ ತಾಮ್ರದ ಪಟ್ಟಿ, ಹೊರಗಿನಿಂದ ಚೆನ್ನಾಗಿಯೇ ಇತ್ತು. ಬೋಲ್ಟ್ ಬಿಚ್ಚಿ, ತುದಿಯ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಹಿಡಿದು ಸ್ವಲ್ಪ ತಿರುಚಿದೆ. ಒಳಗಿಂದ ಹಸಿರು ಪುಡಿ ಉದುರಿತು, ಹಿಂದೆಯೇ ಎಳೆಗಳು ಒಣಹುಲ್ಲಿನ ಹಾಗೆ ಮುರಿದು ಕೈಗೆ ಬಂದವು. ಹೊಸ ಪಟ್ಟಿ ಹಾಕಿ, ಬಾಡಿಯ ಕಡೆ ಪೇಂಟ್ ಕೆರೆದು ಲೋಹಕ್ಕೆ ಲೋಹ ಕೂರುವಂತೆ ಬಿಗಿದ ಮೇಲೆ 0.15. ಮೂರನೇ ಬ್ಯಾಟರಿ ಐದು ವರ್ಷ ಬಾಳಿತು. ಮೊದಲ ಎರಡನ್ನು ಸುಮ್ಮನೆ ಗುಜರಿಗೆ ಕೊಟ್ಟೆನಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕೆಲಸಕ್ಕೆ ಕ್ಲಾಂಪ್ ಬೇಕೇ ಆಗಲಿಲ್ಲ, ಗಮನಿಸಿ. ಮಾಮೂಲಿ ಮಲ್ಟಿಮೀಟರ್ ಸಾಕಿತ್ತು. ಕ್ಲಾಂಪ್ ಋಣ ತೀರಿಸಿದ್ದು ಎರಡನೇ ವರ್ಷ, ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗತೊಡಗಿದಾಗ. ತಂತಿ ಕಳಚದೆ ಮೈನಸ್ ಕೇಬಲ್ ಸುತ್ತ ದವಡೆ ಹಾಕಿ ನೋಡಿದರೆ 0.42 ಆಂಪಿಯರ್. ದಿನಕ್ಕೆ ಹೆಚ್ಚುಕಮ್ಮಿ 10 ಆಂಪಿಯರ್-ಗಂಟೆ ಆಯಿತು. 45 ಆಂಪಿಯರ್-ಗಂಟೆಯ ಬ್ಯಾಟರಿ ಐದನೇ ದಿನ ಕಾಣುವುದಿಲ್ಲ. ಎಲ್ಲ ಆಫ್ ಆಗಿ ಮಲಗಿದ ಕಾರಿನಲ್ಲಿ ಇದು 0.05ರ ಒಳಗಿರಬೇಕು. ಫ್ಯೂಸ್‌ಗಳನ್ನು ಒಂದೊಂದೇ ಕಿತ್ತು ನೋಡುವ ಬದಲು ಅವುಗಳ ಬೆನ್ನಿನಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳ ಮೇಲೆ ಪ್ರೋಬ್ ಇಟ್ಟು ಮಿಲಿವೋಲ್ಟ್ ಅಳೆದೆ. ಕರೆಂಟ್ ಹರಿಯದ ಫ್ಯೂಸ್‌ನಲ್ಲಿ ಸೊನ್ನೆ, ಹರಿಯುವುದರಲ್ಲಿ ಏನಾದರೂ ಬಂದೇ ಬರುತ್ತದೆ. ಒಂದು 10 ಆಂಪಿಯರ್ ಫ್ಯೂಸ್‌ನಲ್ಲಿ 3 ಮಿಲಿವೋಲ್ಟ್ ಬಂತು. ಒಳಗಿನ ದೀಪಗಳ ಫ್ಯೂಸ್ ಅದು. ಮೊಬೈಲ್‌ನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿದೆ. ತೆಗೆದು ನೋಡಿದರೆ ಒಳಗೆ ದೀಪಾವಳಿ! ಐದು ವಾಟ್‌ನ ಬಲ್ಬು, ಸ್ವಿಚ್ ಒತ್ತಿಕೊಳ್ಳುತ್ತಿರಲಿಲ್ಲ.

ಸಣ್ಣ ಕರೆಂಟಿನಲ್ಲಿ ಮಾತ್ರ ಇದರ ಕ್ಲಾಂಪನ್ನು ಕಣ್ಣುಮುಚ್ಚಿ ನಂಬಬೇಡಿ. ಮೀಟರನ್ನು ಹಿಡಿದ ದಿಕ್ಕು ಬದಲಾದರೆ ಸಾಕು, ಭೂಮಿಯ ಕಾಂತಕ್ಕೇ 0.03, 0.07 ಎಂದು ಕುಣಿಯುತ್ತದೆ. ತಂತಿಯ ಪಕ್ಕದಲ್ಲೇ, ಅದೇ ದಿಕ್ಕಿನಲ್ಲಿ ಹಿಡಿದು ಝೀರೋ ಒತ್ತಿ, ಆಮೇಲೆ ದವಡೆ ಹಾಕಬೇಕು.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಅದರ ಆಟೋ ಆಫ್. ಕಾರಿನ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೆಲ್ಲ ಮಲಗಲು ಅರ್ಧ ಗಂಟೆ ಕಾಯಬೇಕಾಗಬಹುದು, ಈ ಪುಣ್ಯಾತ್ಮ 15 ನಿಮಿಷಕ್ಕೇ ಮಲಗಿಬಿಡುತ್ತಾನೆ. ಮತ್ತೆ ಆನ್ ಮಾಡಿದರೆ ಝೀರೋ ಹೋಗಿರುತ್ತದೆ. ಜೊತೆಗೆ ಬಂದ ಪ್ರೋಬ್ ತಂತಿಗಳು ಗಿಡ್ಡ, ಮೂರನೇ ವರ್ಷಕ್ಕೆ ಬುಡದಲ್ಲಿ ಬಿರುಕು ಬಿಟ್ಟವು. ಉದ್ದದ ಸಿಲಿಕೋನ್ ತಂತಿ ತಂದು ಹಾಕಿಕೊಂಡೆ.

ನಾಲ್ಕನೇ ವರ್ಷ ಅದು ಸುಳ್ಳನ್ನೂ ಹೇಳಿತು. ಎಂಜಿನ್ ಓಡುವಾಗ 15.4 ತೋರಿಸಿತು. ಡೈನಮೋದ ವೋಲ್ಟ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಯಿತು, ಬ್ಯಾಟರಿ ಕುದಿಯುತ್ತದೆ ಎಂದು ಡೈನಮೋ ಬಿಚ್ಚಲು ಸ್ಪ್ಯಾನರ್ ತೆಗೆದಿದ್ದೆ. ಯಾಕೋ ಅನುಮಾನ ಬಂದು, ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಪೆನ್ಸಿಲ್ ಸೆಲ್ ಅಳೆದೆ. 1.6ರ ಆಸುಪಾಸು ಬರಬೇಕಾದದ್ದು 1.74 ಬಂತು. ಮೀಟರ್‌ನ ಸ್ವಂತ 9 ವೋಲ್ಟ್ ಬ್ಯಾಟರಿ ಸಾಯುತ್ತಿತ್ತು. ಅದು ಇಳಿದಾಗ ಮೀಟರ್ ಎಲ್ಲವನ್ನೂ ಏರಿಸಿ ಹೇಳುತ್ತದೆ. ಬ್ಯಾಟರಿ ಗುರುತು ಪರದೆಯ ಮೇಲೆ ಮೂಡಿದ್ದು ಮರುದಿನ, ಮಹಾ ಉಪಕಾರ.

ಕಳೆದ ವರ್ಷ ರೇಡಿಯೊದಲ್ಲಿ ಕುಂಯ್ ಎನ್ನುವ ಸದ್ದು ಶುರುವಾಯಿತು, ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಬ್ಯಾಟರಿಯ ಮೇಲೆ ಡಿಸಿ 13.6 ಇತ್ತು, ಅಂಥ ತಪ್ಪಿಲ್ಲ. ಹೆಡ್‌ಲೈಟ್, ಬ್ಲೋವರ್ ಹಾಕಿ ಎಸಿ ವೋಲ್ಟ್‌ಗೆ ತಿರುಗಿಸಿದರೆ 0.9. ಅರ್ಧ ದಾಟಿದರೆ ಡೈನಮೋ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಮೇಲೆ ಅನುಮಾನ ಪಡಬೇಕು, ಬಿಚ್ಚಿದಾಗ ಅದೇ ಆಗಿತ್ತು. ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೇ ಎಸಿ ಎಂದು ತೋರಿಸುತ್ತವೆ. ಹಾಗಾಗಿ ಎಂಜಿನ್ ಆಫ್ ಇದ್ದಾಗ ಎಸಿ ಸೊನ್ನೆ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಇಷ್ಟೆಲ್ಲ ಇದ್ದರೂ ಒಂದು ಕೆಲಸಕ್ಕೆ ಇದನ್ನು ಕೆಳಗಿಡುತ್ತೇನೆ. ಹೋದ ತಿಂಗಳು ಹಾರ್ನ್ ನಿಂತಾಗ ಅದರ ತಂತಿಯಲ್ಲಿ 12.4 ವೋಲ್ಟ್ ಕಾಣುತ್ತಿತ್ತು. ಮೀಟರ್ ಎಳೆಯುವ ಕರೆಂಟ್ ಎಷ್ಟು ಸಣ್ಣದೆಂದರೆ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದುಕೊಂಡು ಅದೇ ಜಾಗಕ್ಕೆ ಹಿಡಿದೆ. ಕೆಂಪಗೆ ಮಿಣುಕಿತು, ಅಷ್ಟೆ. ವೋಲ್ಟ್ ಕಂಡರೂ ಅಲ್ಲಿ ಸಾಕಷ್ಟು ಕರೆಂಟ್ ಬರುತ್ತಿರಲಿಲ್ಲ. ಆ ಬಲ್ಬು ಈಗ ಮೀಟರ್‌ನ ಚೀಲದಲ್ಲೇ ಇರುತ್ತದೆ.