ಹಳೇ ಮನೆಯ ನಲ್ಲಿಗೆ 20 ರೂಪಾಯಿಯ ಟೆಫ್ಲಾನ್ ಟೇಪ್

ಮಲ್ಲೇಶ್ವರದ ನಮ್ಮ ಮನೆ ಅಜ್ಜನ ಕಾಲದ್ದು, ಪೈಪೆಲ್ಲಾ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಬಚ್ಚಲಿನ ನಲ್ಲಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಪ್ಲಂಬರ್ ಮೂರು ದಿನ 'ಈಗ ಬಂದೆ ಸಾರ್' ಅಂತಲೇ ಇದ್ದರು. ಕೊನೆಗೆ ನಾನೇ ಎಸ್‌ಜೆಪಿ ರಸ್ತೆಗೆ ಹೋಗಿ 20 ರೂಪಾಯಿಗೆ ಒಂದು ಸುರುಳಿ ಟೆಫ್ಲಾನ್ ಟೇಪ್ ತಂದೆ, ಜೋಡಣೆಯಲ್ಲಿ ನೀರು ಸೋರದಂತೆ ಸುತ್ತುವ ಬಿಳಿ ಟೇಪ್ ಅದು.

ನಲ್ಲಿ ಬಿಚ್ಚಿ ಅದರ ಥ್ರೆಡ್ಡಿಗೆ (ತಿರುಪಿನ ಗೀರುಗಳಿಗೆ) ಮೊದಲ ಸಲ ಉಲ್ಟಾ ಸುತ್ತಿದೆ. ನಲ್ಲಿ ತಿರುಗಿಸುತ್ತಿದ್ದ ಹಾಗೇ ಟೇಪ್ ಬಿಚ್ಚಿಕೊಂಡು ಬಿಳಿ ಮೀಸೆ ಥರ ಹೊರಗೆ ಬಂತು! ಥ್ರೆಡ್ಡಿನ ತುದಿ ನಿಮ್ಮ ಕಡೆಗಿಟ್ಟುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಎಳೆದು ಬಿಗಿಯಾಗಿ ಸುತ್ತಬೇಕು, ಅದಕ್ಕೂ ಮುಂಚೆ ಅಲ್ಲಿ ಕೂತಿರುವ ಹಳೇ ನಾರು, ತುಕ್ಕು ಎಲ್ಲಾ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು. ಹಳೇ ಥ್ರೆಡ್ ಸವೆದಿರುತ್ತದೆ ಅಲ್ವಾ, ನನಗೆ ಹತ್ತು ಸುತ್ತು ಬೇಕಾಯಿತು. ಬಿಗಿ ಮಾಡಿದ ಮೇಲೆ ನಲ್ಲಿ ನೆಟ್ಟಗೆ ನಿಲ್ಲಲಿಲ್ಲ ಅಂತ ಒಂಚೂರು ಹಿಂದಕ್ಕೆ ತಿರುಗಿಸಿದಿರೋ, ಮತ್ತೆ ಸೋರಿಕೆ ಶುರು.

ಟೇಪ್ ತೆಳು, ಜಾಸ್ತಿ ಎಳೆದರೆ ಹರಿಯುತ್ತದೆ. ನಲ್ಲಿಯ ಬಾಯಿಂದ ತೊಟ್ಟಿಕ್ಕುವುದಕ್ಕೆ ಇದು ಮದ್ದಲ್ಲ, ಅದಕ್ಕೆ ಒಳಗಿನ ವಾಷರ್ ಬದಲಿಸಬೇಕು. ಪೈಪ್ ತುಂಬಾ ತುಕ್ಕು ಹಿಡಿದಿದ್ದರೆ ಸುಮ್ನೆ ಸ್ಪ್ಯಾನರ್ ಹಾಕಿ ಜಗ್ಗಬೇಡಿ, ಗೋಡೆಯೊಳಗೇ ಮುರಿದರೆ ಟೈಲ್ಸೂ ಒಡೆಯಬೇಕಾಗುತ್ತದೆ.

ಎರಡು ತಿಂಗಳಾಯಿತು. ಬುಡಕ್ಕೆ ಇಟ್ಟ ಚೊಂಬು ಒಣಗಿಕೊಂಡೇ ಇದೆ. ಆ ಪ್ಲಂಬರ್ ನಿನ್ನೆ ಫೋನ್ ಮಾಡಿದ್ದರು, ದಾರಿಯಲ್ಲಿದ್ದಾರಂತೆ.