ಬೋಟ್ ಲಿಫ್ಟಿನ ಬಂಕ್ ಸೆಟ್: ಬ್ರಾಕೆಟ್ ಉಳಿಸಿಕೊಳ್ಳಿ, ಬೋಲ್ಟು ಬದಲಿಸಿ

ನೀರಿನಲ್ಲಿದ್ದಾಗ ದೋಣಿಯ ಭಾರ ಇಡೀ ತಳಕ್ಕೆ ಹಂಚಿಹೋಗಿರುತ್ತದೆ. ದೋಣಿಯನ್ನು ನೀರಿನಿಂದ ಎತ್ತಿ ನಿಲ್ಲಿಸುವ ಲಿಫ್ಟ್ ಮೇಲೇರಿದ ಕ್ಷಣದಿಂದ ಅಷ್ಟೂ ಭಾರ ಹೊರುವುದು ಎರಡು ಉದ್ದನೆಯ ಹಲಗೆ. ಅದೇ ಬಂಕ್. ಹಾಗಾಗಿ ಬಂಕ್ ಸೆಟ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹಲಗೆಯನ್ನಲ್ಲ, ಅದು ಕೂರುವ ಬ್ರಾಕೆಟ್ಟನ್ನು.

ಈ ಮಾದರಿಯ ಸೆಟ್ಟಿನಲ್ಲಿ ಬರುವುದಿಷ್ಟು: 10 ಅಡಿಯ ಎರಡು ಹಲಗೆ, ತಿರುಗುವ ನಾಲ್ಕು ಅಲ್ಯೂಮಿನಿಯಂ ಬ್ರಾಕೆಟ್, ಹೊದಿಸಲು ಕಾರ್ಪೆಟ್, ಸ್ಟೇಪಲ್ ಪಿನ್ನು, ಬೋಲ್ಟು-ನಟ್ಟು. ಹಲಗೆಯನ್ನು 2×8 ಇಂಚು ಎಂದು ಕರೆದರೂ ಟೇಪು ಹಿಡಿದರೆ ಸಿಗುವುದು ಒಂದೂವರೆ ಇಂಚು ದಪ್ಪ, ಏಳೂಕಾಲು ಇಂಚು ಅಗಲ. ಇದು ಮೋಸವಲ್ಲ, ಮರದ ವ್ಯಾಪಾರದ ಲೆಕ್ಕವೇ ಹಾಗೆ. ಬ್ರಾಕೆಟ್ಟುಗಳು ಗಟ್ಟಿಯಾಗಿವೆ, ತಳದ ಇಳಿಜಾರಿಗೆ ತಕ್ಕಂತೆ ತಾವೇ ವಾಲುತ್ತವೆ. ಕೊಟ್ಟ ಹಣ ದಕ್ಕುವುದು ಅಲ್ಲೇ.

ಬೋಲ್ಟುಗಳದ್ದು ಬರೀ ತೆಳು ಸತುವಿನ ಲೇಪ, ನೀರಿನಂಚಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸಿಹಿನೀರಿಗೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟು ಸಾಕು. ಉಪ್ಪುನೀರಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಅದು ಅಲ್ಯೂಮಿನಿಯಮ್ಮಿಗೆ ತಾಗುವ ಕಡೆ ನೈಲಾನ್ ವಾಷರೂ ಬೇಕು. ಸ್ಟೇಪಲ್ ಪಿನ್ನೂ ಸ್ಟೇನ್‌ಲೆಸ್ಸೇ ಇರಲಿ. ಅದನ್ನು ಹಲಗೆಯ ಅಡಿಗೆ ಹೊಡೆಯಬೇಕೇ ಹೊರತು ಮೇಲ್ಮುಖಕ್ಕಲ್ಲ. ಬೋಲ್ಟಿನ ತಲೆ ಕಾಲು ಇಂಚಾದರೂ ಮರದೊಳಗೆ ಹುದುಗಿರಬೇಕು. ಕಾರ್ಪೆಟ್ ಚಪ್ಪಟೆಯಾದ ಮೇಲೆ ಹೊರಚಾಚಿದ ತಲೆ ದೋಣಿಯ ತಳವನ್ನು ಗೀರುತ್ತದೆ.

ದೋಣಿಯೇ ಅಲ್ಯೂಮಿನಿಯಮ್ಮಿನದಾದರೆ ಈ ಸೆಟ್ ಬೇಡವೇ ಬೇಡ. ಮರ ಕೊಳೆಯದಂತೆ ಹಾಕಿದ ಔಷಧದಲ್ಲಿ ತಾಮ್ರ ಇರುತ್ತದೆ, ಕಾರ್ಪೆಟ್ ನೀರು ಹಿಡಿದಿಡುತ್ತದೆ. ಎರಡೂ ಸೇರಿದರೆ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆತ ಶುರುವಾಗುತ್ತದೆ. ಅಂಥವರಿಗೆ ವಿನೈಲ್ ಹೊದಿಕೆಯ ಅಲ್ಯೂಮಿನಿಯಂ ಬಂಕ್ ವಾಸಿ. ಇದೇ ಕಾರಣಕ್ಕೆ ಈ ಸೆಟ್ಟಿನಲ್ಲೂ ಹಲಗೆಗೂ ಬ್ರಾಕೆಟ್ಟಿಗೂ ನಡುವೆ ರಬ್ಬರ್ ಪಟ್ಟಿ ಇಡಬೇಕು. ಪೆಟ್ಟಿಗೆಯಲ್ಲಿ ಅದು ಬರುವುದಿಲ್ಲ.

ಜೊತೆಗೆ ಬರುವ ಕಾಗದ ಬೋಲ್ಟು ಬಿಗಿಯುವುದನ್ನು ಹೇಳುತ್ತದೆ, ಬಂಕ್ ಎಲ್ಲಿ ಕೂರಬೇಕೆಂಬ ಮಾತೇ ಅದರಲ್ಲಿಲ್ಲ. ಕೂರಬೇಕಾದದ್ದು ಸ್ಟ್ರಿಂಗರುಗಳ ಕೆಳಗೆ, ಅಂದರೆ ತಳದೊಳಗೆ ಉದ್ದಕ್ಕೂ ಹಾದುಹೋಗುವ ತೊಲೆಗಳ ಕೆಳಗೆ. ಹೊರಗಿನಿಂದ ಅವು ಕಾಣುವುದಿಲ್ಲ. ಅದೇ ದೋಣಿಗೆಂದು ಹೊಂದಿಸಿದ ಟ್ರೇಲರ್ ಇದ್ದರೆ ಅದರ ಬಂಕುಗಳ ನಡುವಿನ ಅಂತರ ಅಳೆದುಕೊಳ್ಳಿ, ಇಲ್ಲವೇ ತಯಾರಕರಿಂದ ತಳದ ನಕ್ಷೆ ತರಿಸಿಕೊಳ್ಳಿ. ಕಣ್ಣಂದಾಜು ಇಲ್ಲಿ ನಡೆಯದು. ತಳದ ಹೊರಮೈಯಲ್ಲಿ ಉದ್ದಕ್ಕೆ ಎದ್ದಿರುವ ಏಣುಗಳ ಮೇಲೆ ಹಲಗೆ ಬರದೆ, ಅವುಗಳ ನಡುವೆ ಬರಬೇಕು. ಆಳ ಅಳೆಯುವ ಸೆನ್ಸರ್, ನೀರು ಎಳೆಯುವ ರಂಧ್ರ ಇವೂ ದಾರಿಯಲ್ಲಿ ಸಿಗಬಾರದು.

ಹೆಚ್ಚಿನವರು ತಪ್ಪುವುದು ಹಿಂತುದಿಯಲ್ಲಿ. ಮೋಟಾರ್ ಹಿಂದಿರುವ ದೋಣಿಯ ಭಾರ ಹಿಂದೆಯೇ. ಬಂಕ್ ಟ್ರಾನ್ಸಮ್ಮಿನವರೆಗೂ, ಅಂದರೆ ಹಿಂಗೋಡೆಯವರೆಗೂ, ತಲುಪಲೇಬೇಕು. ಒಂದೆರಡು ಅಡಿ ಮೊದಲೇ ನಿಂತರೆ ಆಧಾರವಿಲ್ಲದ ಭಾಗ ತಿಂಗಳುಗಟ್ಟಲೆ ಜೋತು, ತಳಕ್ಕೆ ಶಾಶ್ವತವಾದ ಬಾಗು ಬರುತ್ತದೆ. ಆಮೇಲೆ ವೇಗದಲ್ಲಿ ಹೋಗುವಾಗ ದೋಣಿ ಮೂತಿ ಎತ್ತುವುದಿಲ್ಲ. ಹಾಗೆಂದು ತೀರಾ ಹಿಂದಕ್ಕೆ ಚಾಚಿದರೆ ಹಲಗೆ ಟ್ರಿಮ್ ಟ್ಯಾಬಿಗೋ, ಅಂದರೆ ಹಿಂಗೋಡೆಯ ಬುಡದಲ್ಲಿರುವ ಮಡಿಚುವ ತಗಡಿಗೋ, ಮೋಟಾರಿಗೋ ಬಡಿಯುತ್ತದೆ.

ಜೋಡಿಸುವ ಮುನ್ನ ಲಿಫ್ಟ್ ಖಾಲಿ ಇರುವಾಗಲೇ ರಸಮಟ್ಟ ಇಟ್ಟು ಅಡ್ಡಕ್ಕೆ ಸಮ ಮಾಡಿಕೊಳ್ಳಿ. ಉದ್ದಕ್ಕೆ ಮುಂಭಾಗ ತುಸು ಎತ್ತರವಿರಲಿ, ಮಳೆನೀರು ಹಿಂದಿನ ಬಿರಡೆ ರಂಧ್ರದಿಂದ ಹರಿದುಹೋಗಲು. ಬ್ರಾಕೆಟ್ಟಿನ ನಟ್ಟನ್ನು ಕೈಬಿಗಿಗೆ ಮಾತ್ರ ಬಿಗಿದು, ದೋಣಿ ತಂದು ನಿಧಾನ ಎತ್ತಿ. ಭಾರ ಬಿದ್ದಂತೆ ಹಲಗೆ ತಳದ ಓರೆಗೆ ತಾನೇ ಒಗ್ಗುತ್ತದೆ. ಪಕ್ಕದಲ್ಲಿ ನಿಂತು ಬ್ರಾಕೆಟ್ಟಿನ ಮೇಲೆ ಆ ಓರೆಯನ್ನು ಮಾರ್ಕರಿನಿಂದ ಗುರುತು ಮಾಡಿ, ದೋಣಿ ಇಳಿಸಿ ಹೊರಗೆ ಕಳಿಸಿ, ಖಾಲಿ ಲಿಫ್ಟಿನ ಮೇಲೆ ಪೂರ್ತಿ ಬಿಗಿಯಿರಿ. ನೇತಾಡುವ ದೋಣಿಯ ಕೆಳಗೆ ತಲೆ ಹಾಕಿ ಸ್ಪ್ಯಾನರ್ ಹಿಡಿಯುವ ಕೆಲಸ ಬೇಡ.

ಮತ್ತೆ ಎತ್ತಿದಾಗ ಕೀಲ್, ಅಂದರೆ ತಳದ ನಡುಗೆರೆ, ಲಿಫ್ಟಿನ ಅಡ್ಡತೊಲೆಯಿಂದ ಎರಡು ಇಂಚಾದರೂ ಮೇಲಿರಬೇಕು. ಹಲಗೆಗೂ ತಳಕ್ಕೂ ನಡುವೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನೋಡಿ. ಬ್ರಾಕೆಟ್ಟಿನ ಹತ್ತಿರ ಬಿಗಿಯಾಗಿ, ನಡುವೆ ಸಲೀಸಾಗಿ ನುಗ್ಗಿದರೆ ಹಲಗೆ ಬಾಗಿದೆ ಎಂದರ್ಥ. ಅಡ್ಡತೊಲೆಗಳ ಅಂತರ ಹೆಚ್ಚಿರುವ ಲಿಫ್ಟಿನಲ್ಲಿ ಒಂದೂವರೆ ಇಂಚಿನ ಹಲಗೆ ಮಲಗಿಸಿಟ್ಟರೆ ಹೀಗೇ ಆಗುವುದು. ಅಡಿಯಲ್ಲಿ ಇನ್ನೊಂದು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಟೀ ಆಕಾರಕ್ಕೆ ಜೋಡಿಸಿದರೆ ಬಾಗು ಹೋಗುತ್ತದೆ.

ಲಿಫ್ಟ್ ಹೊರಬೇಕಾದ ತೂಕದ ಲೆಕ್ಕದಲ್ಲಿ ಇಂಧನ ಮರೆಯಬೇಡಿ: 100 ಲೀಟರ್ ಪೆಟ್ರೋಲು ಸುಮಾರು 75 ಕಿಲೊ. ಬಿರಡೆ ತೆಗೆಯದೆ ಬಿಟ್ಟ ದೋಣಿಯಲ್ಲಿ ನಿಂತ ಮಳೆನೀರು ಲೀಟರಿಗೆ ಒಂದು ಕಿಲೊ.

ಕೊಳವೆಯಂಥ ತೇಲುಗಳ ಮೇಲೆ ನಿಂತ ಪಾಂಟೂನ್ ದೋಣಿಗೂ, ಎಂಜಿನ್ ಒಳಗಿದ್ದು ತಳದಿಂದ ಶಾಫ್ಟು ಹೊರಬಂದಿರುವ ಇನ್‌ಬೋರ್ಡ್ ದೋಣಿಗೂ ಈ ಸೆಟ್ ಹೊಂದುವುದಿಲ್ಲ. ಪಾಂಟೂನಿನ ಆಧಾರದ ವಿನ್ಯಾಸವೇ ಬೇರೆ, ಶಾಫ್ಟಿನ ದೋಣಿಗೆ ಬ್ರಾಕೆಟ್ ಎತ್ತರವಿರಬೇಕು. ಹೊಂದುವವರು ನಾಲ್ಕೈದು ಸಲ ಎತ್ತಿಳಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು, ಅಷ್ಟರಲ್ಲಿ ಮರ ಒತ್ತಿಕೊಂಡು ಸಡಿಲವಾಗಿರುತ್ತದೆ.