ಗನ್ ಶೋನಲ್ಲಿ ಗುಂಡು ಕೊಳ್ಳುವ ಮುಂಚೆ ಇದನ್ನು ಓದಿ, ನಾನು ಮೋಸಹೋದೆ

ಮೂರು ವಾರ. ಮೂರು ವಾರ ಆ ಗುಂಡುಗಳನ್ನೇ ಸೊಂಟದಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ಗ್ಯಾಸ್ ಸ್ಟೇಷನ್ ಬಾಗಿಲು ಹಾಕಿ, ದಿನದ ಕಲೆಕ್ಷನ್ ಕೈಯಲ್ಲಿ ಹಿಡಿದು, ಕತ್ತಲಲ್ಲಿ ಕಾರಿನ ತನಕ ನಡೆದಿದ್ದೇನೆ. ಏನಾದರೂ ಆದರೆ ಇದು ಕಾಪಾಡುತ್ತದೆ ಅಂತ ನಂಬಿಕೊಂಡು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಾಚಿಕೆಯೂ ಆಗುತ್ತದೆ, ಯಾಕೆಂದರೆ ನಾನು ಸಕಲೇಶಪುರದ ಕಡೆಯವನು, ಅಜ್ಜನ ಕೋವಿ ನೋಡಿಕೊಂಡೇ ಬೆಳೆದವನು, ಇಂಥದ್ದೆಲ್ಲ ನನಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಗ್ರೀನ್ ಕಾರ್ಡ್ ಇದೆ, ಗನ್ ಜೊತೆಗಿಟ್ಟುಕೊಂಡು ಓಡಾಡುವ ಕ್ಯಾರಿ ಲೈಸೆನ್ಸ್ ಇದೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ 21 ದಾಟಿದವರಿಗೆ ಲೈಸೆನ್ಸ್ ಬೇಕೇ ಬೇಕು ಅಂತಿಲ್ಲ, ಆದರೂ ಕ್ಲಾಸಿಗೆ ಹೋಗಿ ಮಾಡಿಸಿಕೊಂಡೆ. ಗನ್ ಸಿಗ್ ಪಿ365, 9 ಎಂಎಂನ ಪುಟ್ಟ ಪಿಸ್ತೂಲು, ಬ್ಯಾರೆಲ್ (ನಳಿಗೆ) 3.1 ಇಂಚು. ಅಂಗಡಿಯಲ್ಲೇ ಕೊಂಡೆ, ಅದರಲ್ಲಿ ಏನೂ ತೊಂದರೆ ಇಲ್ಲ. ಎಡವಿದ್ದು ಗುಂಡಿನಲ್ಲಿ.

ಪ್ರಾಕ್ಟೀಸಿಗೆ ಹಾರಿಸುವ, ಮೂತಿಯಲ್ಲಿ ಕುಳಿಯಿಲ್ಲದ ಬಾಲ್ ಗುಂಡು ಬೇರೆ, ಜೊತೆಗಿಟ್ಟುಕೊಳ್ಳುವ ಹಾಲೋ ಪಾಯಿಂಟ್ ಬೇರೆ, ಅದು ನಿಮಗೂ ಗೊತ್ತಿರುತ್ತದೆ. ಹಾಲೋ ಪಾಯಿಂಟ್ ಮೂತಿಯಲ್ಲಿ ಕುಳಿ ಇರುತ್ತದೆ, ತಗುಲಿದ ಮೇಲೆ ಅರಳುತ್ತದೆ, ಆಚೆ ದಾಟಿ ಹಿಂದೆ ನಿಂತವರಿಗೆ ಬೀಳುವ ಸಂಭವ ಕಡಿಮೆ. ಆದರೆ ಬೆಲೆ ಜಾಸ್ತಿ, ಒಂದೊಂದಕ್ಕೆ ಒಂದು ಡಾಲರ್ ಮೇಲೆಯೇ ಕೇಳುತ್ತಾರೆ. ಗನ್ ಶೋನಲ್ಲಿ, ಅಂದರೆ ಬಂದೂಕು ಮಾರುವ ಸಂತೆಯಲ್ಲಿ, ಒಬ್ಬ 50ರ ಬಾಕ್ಸ್ 35 ಡಾಲರ್‌ಗೆ ಕೊಡುತ್ತಿದ್ದ. ದೊಡ್ಡ ಕಂಪನಿಯ ಬಾಕ್ಸ್. "ಪೊಲೀಸ್ ಸ್ಟಾಕ್ ಫ್ರೆಂಡ್, ಪ್ಲಸ್ ಪಿ, ಪ್ರೆಶರ್ ಜಾಸ್ತಿ, ಚಿಕ್ಕ ಗನ್‌ಗೆ ಇದೇ ಸರಿ" ಅಂದ. ಅಂಗಡಿಯ ಬಾಕ್ಸಿನಲ್ಲಿ ಸಾಮಾನ್ಯವಾಗಿ 20 ಇಲ್ಲ 25 ಇರುತ್ತದೆ, ಪೊಲೀಸರಿಗೆ ಹೋಗುವುದರಲ್ಲಿ 50. ಅಷ್ಟು ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಕ್ಯಾಶ್ ಕೊಟ್ಟೆ. ಬಿಲ್ ಕೇಳಲಿಲ್ಲ.

ಮೂರು ವಾರ ಆದ ಮೇಲೆ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಮ್ಯಾಗಜೀನ್‌ನಲ್ಲಿ (ಗನ್‌ಗೆ ಗುಂಡು ತುಂಬುವ ಡಬ್ಬಿ) ಇದ್ದ ಅದೇ ಹತ್ತು ಗುಂಡು ಹಾರಿಸಲು ಶುರು ಮಾಡಿದೆ. ನಾಲ್ಕು ಹೋಯಿತು. ಐದನೆಯದು ಢಂ ಅನ್ನಲಿಲ್ಲ, ಟುಸ್ ಅಂತು. ಪ್ರತಿ ಗುಂಡಿಗೂ ಹಿಂದೆ ಸರಿದು ಮುಂದಿನದನ್ನು ಏರಿಸುವ ಗನ್‌ನ ಮೇಲ್ಭಾಗ, ಸ್ಲೈಡ್, ಕದಲಲೇ ಇಲ್ಲ. ನಾನು ಅಭ್ಯಾಸಬಲದಿಂದ ಸ್ಲೈಡ್ ಎಳೆದು ಮುಂದಿನದನ್ನು ಏರಿಸಿ ಗುರಿ ಹಿಡಿಯುತ್ತಿದ್ದೇನೆ, ಹಿಂದಿನಿಂದ ರೇಂಜಿನವರು ಜೋರಾಗಿ ಕೂಗಿದರು. ಗನ್ ಖಾಲಿ ಮಾಡಿಸಿ, ಬಿಚ್ಚಿಸಿ, ಬ್ಯಾರೆಲ್‌ಗೆ ಕಡ್ಡಿ ತೂರಿಸಿದರು. ಅರ್ಧಕ್ಕೆ ಟಕ್ ಅಂತ ನಿಂತಿತು. ಒಳಗೆ ಗುಂಡು ಸಿಕ್ಕಿಹಾಕಿಕೊಂಡಿತ್ತು. ಕೇಸಿನಲ್ಲಿ, ಅಂದರೆ ಗುಂಡಿನ ಹಿಂದಿನ ಲೋಹದ ಕೊಳವೆಯಲ್ಲಿ, ಸಿಡಿಮದ್ದೇ ಇರಲಿಲ್ಲ, ಬರೀ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಸಿಡಿದು ಗುಂಡನ್ನು ಅಷ್ಟು ದೂರ ತಳ್ಳಿತ್ತು. ಇನ್ನೊಂದು ಹಾರಿಸಿದ್ದರೆ ಗನ್ ಕೈಯಲ್ಲೇ ಒಡೆಯಬಹುದಿತ್ತು.

"ಉಳಿದದ್ದು ತೋರಿಸಿ" ಅಂದರು. ಬಾಕ್ಸನ್ನು ಬೆಂಚಿನ ಮೇಲೆ ಬೋರಲು ಹಾಕಿದೆವು. ಪ್ರತಿ ಕೇಸಿನ ತಳದಲ್ಲಿ ಕಂಪನಿ ಹೆಸರು ಕೆತ್ತಿರುತ್ತದೆ ಅಲ್ವಾ, ಒಂದರಲ್ಲಿ ಒಂದು ಹೆಸರು, ಪಕ್ಕದ್ದರಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಕೆಲವು ಬಿಳಿ, ಕೆಲವು ಹಿತ್ತಾಳೆ ಬಣ್ಣ. ಅಂಚಿನಲ್ಲಿ ಹಳೇ ಗೀರು. ಯಾರೋ ಹಾರಿಸಿ ಬಿಟ್ಟ ಖಾಲಿ ಕೇಸ್ ಆರಿಸಿ ತಂದು, ಮನೆಯಲ್ಲಿ ಮತ್ತೆ ತುಂಬಿ, ಕಂಪನಿ ಬಾಕ್ಸಿಗೆ ಹಾಕಿ ಮಾರಿದ್ದಾನೆ! ನಾನು ಒಂದೇ ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು. ಮ್ಯಾಗಜೀನ್‌ಗೆ ಒಂದೊಂದಾಗಿ ತುಂಬಿದ್ದು ಇದೇ ಕೈ, ತಿರುಗಿಸಿ ನೋಡಲಿಲ್ಲ.

ಅವನಿಗೆ ಮೆಸೇಜ್ ಮಾಡಿದೆ. ಮೊದಲ ಉತ್ತರ: "ಗನ್ ಹೊಸದಲ್ವಾ, 500 ಗುಂಡು ಹಾರಿಸು, ಸರಿಹೋಗುತ್ತೆ." ಮದ್ದಿಲ್ಲದ ಗುಂಡು ಗನ್ ಹಳೆಯದಾದರೆ ಸರಿಹೋಗುತ್ತದಾ? ತಳದ ಫೋಟೋ ಕಳಿಸಿದೆ. "ಫ್ಯಾಕ್ಟರಿಯವರೇ ಮಿಕ್ಸ್ ಮಾಡ್ತಾರೆ" ಅಂದ. ಸುಳ್ಳು, ಶುದ್ಧ ಸುಳ್ಳು. ದುಡ್ಡು ವಾಪಸ್ ಕೇಳಿದೆ. "ಮಾರಿದ ಮೇಲೆ ವಾಪಸ್ ಇಲ್ಲ. ಫ್ಯಾಕ್ಟರಿಯದು ಅಂತ ನಾನು ಹೇಳಲೇ ಇಲ್ಲ, ನೀನು ಬಾಕ್ಸ್ ನೋಡಿ ಅಂದುಕೊಂಡೆ." ಆಮೇಲೆ ಬ್ಲಾಕ್ ಮಾಡಿದ. ಆ ಕೊನೇ ಮಾತು ಇನ್ನೂ ಚುಚ್ಚುತ್ತಿದೆ. 35 ಡಾಲರ್ ಹೋದರೆ ಹೋಗಲಿ, ನನ್ನ ಕೈ ಹೋಗುತ್ತಿತ್ತು.

ಸ್ವಂತ ಪ್ರಾಕ್ಟೀಸಿಗೆ ತಾವೇ ತುಂಬಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮೇಲೆ ನನಗೆ ಕೋಪವಿಲ್ಲ. ಬೇರೆಯವರು ತುಂಬಿದ್ದನ್ನು ಜೀವ ಕಾಪಾಡಲು ಇಟ್ಟುಕೊಳ್ಳಬೇಡಿ, ಅಷ್ಟೇ.

ಪ್ಲಸ್ ಪಿ ಅನ್ನೋದಕ್ಕೂ ಮರುಳಾಗಬೇಡಿ. 9 ಎಂಎಂನ ಮಾಮೂಲಿ ಪ್ರೆಶರ್ ಮಿತಿ 35,000 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ), ಪ್ಲಸ್ ಪಿಗೆ 38,500. ಪುಟ್ಟ ಗನ್‌ನಲ್ಲಿ ಒದೆತ ಜಾಸ್ತಿ. ಬ್ಯಾರೆಲ್ ಗಿಡ್ಡ ಆದಷ್ಟೂ ಗುಂಡಿನ ವೇಗ ಇಳಿಯುತ್ತದೆ, ವೇಗ ಸಾಲದಿದ್ದರೆ ಕುಳಿ ಅರಳುವುದಿಲ್ಲ. ಅದಕ್ಕೇ ಗಿಡ್ಡ ಬ್ಯಾರೆಲ್‌ಗೆ ಅಂತಲೇ ಮಾಡಿದ್ದು ಸಿಗುತ್ತದೆ, ಸ್ಪೀರ್ ಗೋಲ್ಡ್ ಡಾಟ್‌ನಲ್ಲಿದೆ. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಏಜೆಂಟರು ಸತ್ತ ಮೇಲೆ ಎಫ್‌ಬಿಐ, ಮೈಯ ಮಾಂಸದ ಬದಲಿಗೆ ಬಳಸುವ ಜೆಲ್‌ನಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕು ಅನ್ನೋ ಪರೀಕ್ಷೆ ತಂದಿತು. ನಿಮ್ಮ ಗನ್‌ನಷ್ಟೇ ಉದ್ದದ ಬ್ಯಾರೆಲ್‌ನಿಂದ ಆ ಪರೀಕ್ಷೆ ಮಾಡಿದ್ದಾರಾ ನೋಡಿ. ಸೀಲ್ ಇರುವ ಬಾಕ್ಸ್, ಬಿಲ್ ಕೊಡುವ ಅಂಗಡಿ. ಒಂದೆರಡು ಬಾಕ್ಸ್ ನಿಮ್ಮ ಗನ್‌ನಲ್ಲೇ ಹಾರಿಸಿ ನೋಡಿ, ಆಮೇಲೆ ಸೊಂಟಕ್ಕೆ. ಎಚ್‌1ಬಿಯಲ್ಲಿರುವವರು ಇದನ್ನು ಓದಿ ಅಂಗಡಿಗೆ ಓಡಬೇಡಿ, ಆ ವೀಸಾದಲ್ಲಿ ಗುಂಡು ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಫೆಡರಲ್ ಅಪರಾಧ. ವಿನಾಯಿತಿ ಇದೆಯಾ ಅಂತ ಮೊದಲು ವಕೀಲರನ್ನು ಕೇಳಿ.

ಉಳಿದ 45 ಗುಂಡು ರೇಂಜಿನವರಿಗೇ ಕೊಟ್ಟುಬಂದೆ. ಅವನು ಈಗಲೂ ಶೋಗಳಿಗೆ ಬರುತ್ತಾನಂತೆ. ಮೂಲೆ ಸವೆದ ಬಾಕ್ಸ್‌ಗಳು, ಸೀಲ್ ಇರುವುದಿಲ್ಲ, ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಬರೀ ಕ್ಯಾಶ್.